ಹುಲಿಕಲ್ ರಸ್ತೆಯ ಆಲಗಳು

ಮಕ್ಕಳಾಗಲಿಲ್ಲವೆಂದು ಊರವರ ಚುಚ್ಚುಮಾತು ಕೇಳಿ ಕೇಳಿ, ಮಾಗಡಿ ತಾಲ್ಲೂಕಿನ ಹುಲಿಕಲ್‌ನ ತಿಮ್ಮಕ್ಕನವರಿಗೆ ಬದುಕೇ ಬೇಡವೆನಿಸಿತ್ತು. ಆಮೇಲೆ ಗಂಡ ಚಿಕ್ಕಯ್ಯನವರ ಜೊತೆ ಕುದೂರಿನ ಹಾದಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ ಹತ್ತೇ ಹತ್ತು. ಕೂಲಿ ಮುಗಿಸಿ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ನೋವು ಒಂದೇ ದಿನಕ್ಕೆ ಹೋಗಿರಲಾರದು. ಆದರೆ ನೀರಿಗಾಗಿ ಕಾಯುವ ಜೀವವೊಂದಿದ್ದರೆ ಬೆಳಿಗ್ಗೆ ಏಳಲು ಕಾರಣ ಸಿಗುತ್ತದೆ. 1991ರಲ್ಲಿ ಚಿಕ್ಕಯ್ಯ ತೀರಿಕೊಂಡ ಮೇಲೂ ಅವರು ಗಿಡ ನೆಡುವುದನ್ನು ಬಿಡಲಿಲ್ಲ. 2019ರಲ್ಲಿ ಪದ್ಮಶ್ರೀ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಜೊತೆಗೆ ಕೊಡ ಹೊತ್ತ ಆ ಗಂಡ. ಅಂಥ ಜೊತೆ ಎಲ್ಲರಿಗೂ ಇರುವುದಿಲ್ಲ. ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.