ಒಲೆಯ ಮುಂದಿನ ಕಣ್ಣು

ಅಡಿಗೆಯ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಭಕ್ಷ್ಯಭೋಜ್ಯಗಳ ಕಡೆಗೆ ಹರಿಯುವುದು ಸಹಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಉದ್ದಿನ ಇಡ್ಡರಿಕೆಯ ಪ್ರಸ್ತಾಪವಿದೆ, ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಬಗೆಬಗೆಯ ಪಾಕಗಳನ್ನು ಷಟ್ಪದಿಯಲ್ಲಿ ವಿವರಿಸಿದ್ದಾನೆ. ಈ ಗ್ರಂಥಗಳ ಲಕ್ಷ್ಯವಿರುವುದು ಉಣ್ಣುವವರ ನಾಲಗೆಯ ಮೇಲೆ. ನಾನಾದರೋ ಒಲೆಯ ಮುಂದೆ ಕುಳಿತವರ ಕಣ್ಣಿನ ಕಥೆಯನ್ನು ಹೇಳಬಯಸುತ್ತೇನೆ.

ನಮ್ಮ ಮನೆಯದು ಮಣ್ಣಿನ ಒಲೆ, ಅದಕ್ಕೊಂದು ಕೋಡೊಲೆ. ಮುಂದಿನ ಉರಿಯಲ್ಲಿ ಮುದ್ದೆಯ ಎಸರು ಮರಳುತ್ತಿರಲು, ಒಳಗಿಂದೊಳಗೇ ಕೋಡೊಲೆಗೆ ಹಾಯ್ದ ಝಳದಲ್ಲಿ ಸಾರು ಮೆಲ್ಲನೆ ಕುದಿಯುತ್ತಿತ್ತು. ನಮ್ಮ ತಾಯಿಯವರು ಪಾತ್ರೆಯನ್ನು ಒಲೆಗೇರಿಸುವ ಮೊದಲು ಅದರ ತಳಕ್ಕೆ ನೀರಿನಲ್ಲಿ ಕಲಸಿದ ಬೂದಿಯನ್ನು ಬಳಿಯುತ್ತಿದ್ದರು. ಮಸಿಯು ಬೂದಿಗೆ ಅಂಟಿಕೊಂಡು, ಬೆಳಗುವಾಗ ಅದರೊಡನೆಯೇ ಜಾರಿಹೋಗುತ್ತಿತ್ತು. ಪಾತ್ರೆಗೆ ದೊರೆತ ಈ ರಕ್ಷೆ ಅವರ ಕಣ್ಣುಗಳಿಗೆ ದೊರೆಯಲಿಲ್ಲ. ಆಷಾಢದ ಹಸಿ ಸೌದೆ ಬುಸುಗುಟ್ಟುವಾಗ ಊದುಗೊಳವೆಯನ್ನು ಹಿಡಿದು ಬಾಗಿದ ಅವರ ಮುಖವನ್ನು ನಾನು ಮರೆಯಲಾರೆ.

ಪಾತ್ರೆಗಳೇನೋ ಬದಲಾದುವು. ಗಡಿಗೆ, ಕಲ್ಚಟ್ಟಿ, ಕಲಾಯಿ ಹಾಕಿದ ಹಿತ್ತಾಳೆ, ಕಡೆಗೆ ಸ್ಟೀಲು. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್ಸಿನ ಬಳಗದ ಪಂಪು ಸ್ಟೌಗಳು ಭೋರ್ಗರೆಯುತ್ತ ಪಟ್ಟಣದ ಮನೆಗಳನ್ನು ಹೊಕ್ಕವು. ಅವುಗಳ ಹಿಂದೆಯೇ ಗ್ಯಾಸಿನ ಒಲೆಯೂ ಬಂದಿತು. ಹಳ್ಳಿಗೆ ಮಾತ್ರ ಬಹುಕಾಲ ಸೌದೆಯೇ ಗತಿಯಾಗಿತ್ತು.

ಆ ಸೌದೆಯೊಲೆಯನ್ನೇ ಅಧ್ಯಯನಕ್ಕೆ ಯೋಗ್ಯವಾದ ವಸ್ತುವೆಂದು ಎಣಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ ಮುಂದೆ ಮೂರು ಪಾತ್ರೆಗಳ ಅಸ್ತ್ರ ಒಲೆ ಹೊರಬಂದಿತು. ಸೌದೆಯ ಕೆಳಗಿನ ಕಂಬಿಜಾಲರಿಯಿಂದ ಗಾಳಿಯಾಡಿ ಉರಿ ಸ್ವಚ್ಛವಾಗುವುದು. ಬಿಸಿಗಾಳಿಯು ಒಂದಾದ ಮೇಲೊಂದರಂತೆ ಮೂರು ಪಾತ್ರೆಗಳ ತಳವನ್ನೂ ಸವರಿ, ತನ್ನ ಶಾಖವನ್ನು ಅಲ್ಲಲ್ಲೇ ಒಪ್ಪಿಸಿ, ಹೊಗೆಗೊಳವೆಯಿಂದ ಸೂರಿನಾಚೆಗೆ ಹೋಗುವುದು. ಕೋಡೊಲೆಯನ್ನು ಕಲ್ಪಿಸಿದ ನಾಮವಿಲ್ಲದ ಗೃಹಿಣಿಯ ವಿವೇಕವೂ ವಿಜ್ಞಾನಿಯ ಗಣಿತವೂ ಇಲ್ಲಿ ಕೈಹಿಡಿದಿವೆಯೆಂದೇ ನನ್ನ ಭಾವನೆ.

ನಮ್ಮ ಮನೆಯಲ್ಲಿ ಹೊಗೆಗೊಳವೆಯ ಒಲೆಯನ್ನು ಹೂಡಿದ ದಿನ, ತಾಯಿಯವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಎಸರಿಟ್ಟು ಬಹಳ ಹೊತ್ತಾದರೂ ಅವರು ಕೈಯಲ್ಲಿ ಊದುಗೊಳವೆಯನ್ನು ಹಿಡಿದೇ ಕುಳಿತಿದ್ದರು. ಕಡೆಗೆ ನನ್ನತ್ತ ತಿರುಗಿ, “ಹೊಗೆಯೇ ಇಲ್ಲವಲ್ಲಪ್ಪ, ಒಲೆ ಹತ್ತಿದೆಯೇನು ನೋಡು” ಎಂದರು.