ಅಂಕಿಯ ಹಿಂದಿರುವ ಪ್ರಶ್ನೆ



ಅಮೆರಿಕದ ಕಾಲೇಜುಗಳಲ್ಲಿ ಓದುವ ಐವರು ಯುವತಿಯರಲ್ಲಿ ಒಬ್ಬಳು ಲೈಂಗಿಕ ಆಕ್ರಮಣಕ್ಕೆ ಗುರಿಯಾಗುತ್ತಾಳೆಂಬ ಮಾತನ್ನು ತಾವು ಓದಿರಬಹುದು. ಅದೇ ದೇಶದ ನ್ಯಾಯ ಇಲಾಖೆಯು 2014ರಲ್ಲಿ ಪ್ರಕಟಿಸಿದ ವರದಿಯಾದರೋ, 18ರಿಂದ 24 ವರ್ಷ ವಯಸ್ಸಿನ ವಿದ್ಯಾರ್ಥಿನಿಯರಲ್ಲಿ ವರ್ಷಕ್ಕೆ ಸಾವಿರಕ್ಕೆ 6.1 ಪ್ರಕರಣಗಳೆಂದು ಹೇಳುತ್ತದೆ. ಇವೆರಡರಲ್ಲಿ ಒಂದು ಸುಳ್ಳಾಗಿರಲೇಬೇಕೆಂದು ವಾದಿಸುವವರುಂಟು. ವೈದ್ಯರಿಗೆ ಇಂತಹ ವ್ಯತ್ಯಾಸ ಹೊಸದಲ್ಲ. ಆಸ್ಪತ್ರೆಯ ಹೊರರೋಗಿಗಳ ಪುಸ್ತಕದಲ್ಲಿ ಕಜ್ಜಿಯ ಹತ್ತು ಹೆಸರುಗಳಿರುವ ಊರಿನಲ್ಲಿ, ಮನೆಮನೆಗೆ ಹೋಗಿ ನೋಡಿದರೆ ನೂರು ಮಂದಿ ದೊರೆಯಬಹುದು.

ಮೊದಲನೆಯ ಮಾತಿಗೆ ಮುಖ್ಯ ಆಧಾರವು 2007ರ ಒಂದು ಅಧ್ಯಯನ. ಎರಡೇ ವಿಶ್ವವಿದ್ಯಾನಿಲಯಗಳ 5,446 ವಿದ್ಯಾರ್ಥಿನಿಯರು ಅದಕ್ಕೆ ಉತ್ತರಿಸಿದ್ದರು; ಕೇಳಲ್ಪಟ್ಟವರಲ್ಲಿ ಉತ್ತರ ಕೊಟ್ಟವರು ಶೇಕಡಾ 42ರಷ್ಟು ಮಾತ್ರ. ಕಾಲೇಜು ಸೇರಿದ ನಂತರ ಆಕ್ರಮಣಕ್ಕೆ ಅಥವಾ ಅದರ ಯತ್ನಕ್ಕೆ ಒಳಗಾದವರು ಶೇಕಡಾ 19. ಬಲವಂತದ ಸ್ಪರ್ಶವೂ ಇದರಲ್ಲಿ ಸೇರಿದೆ. ಇದನ್ನು ಇಡೀ ದೇಶಕ್ಕೆ ಅನ್ವಯಿಸಲಾಗದೆಂದು ಸಂಶೋಧಕರೇ ಹೇಳಿದ್ದಾರೆ. ಘೋಷಣೆ ಕೂಗುವವರು ಅದನ್ನು ಗಮನಿಸಲಿಲ್ಲ. 2015ರಲ್ಲಿ 27 ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಈ ಪ್ರಮಾಣ ಒಂದೆಡೆ ಶೇಕಡಾ 13, ಇನ್ನೊಂದೆಡೆ 30.

ಇನ್ನು ಕಾಲಾವಧಿ. ಒಂದು ಅಂಕಿ ಒಂದು ವರ್ಷದ್ದು, ಇನ್ನೊಂದು ಹಲವು ವರ್ಷಗಳದ್ದು. ಆದರೂ 6.1ನ್ನು ನಾಲ್ಕರಿಂದ ಗುಣಿಸಿದರೆ ಸಾವಿರಕ್ಕೆ ಸುಮಾರು 24 ಆದೀತೇ ಹೊರತು 190 ಆಗದು. ಉಳಿದ ಅಂತರದ ಬಹುಭಾಗಕ್ಕೆ ಪ್ರಶ್ನೆಯೇ ಕಾರಣವೆಂದು ನಾನು ತಿಳಿಯುತ್ತೇನೆ. ಇಲಾಖೆಯದು ಅಪರಾಧಗಳ ಸಮೀಕ್ಷೆ. ತನಗಾದುದು ಅಪರಾಧವೆಂದು ಎಣಿಸದವಳು ಅಲ್ಲಿ ಮೌನವಾಗಿರುತ್ತಾಳೆ. ಮತ್ತೊಂದು ಬಗೆಯ ಸಮೀಕ್ಷೆಯಲ್ಲಿ ಅಪರಾಧದ ಹೆಸರೆತ್ತದೆ, ನಡೆದ ಕೃತ್ಯವನ್ನೇ ವಿವರಿಸಿ ಹೀಗಾಯಿತೇ ಎಂದು ಕೇಳಲಾಗುತ್ತದೆ. ಮೇರಿ ಕಾಸ್ ಎಂಬ ಮನೋವಿಜ್ಞಾನಿ ಸಂಗಡಿಗರೊಡನೆ 1987ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕಾನೂನಿನ ಅರ್ಥದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪೈಕಿ ತಮ್ಮ ಅನುಭವವನ್ನು ಆ ಹೆಸರಿನಿಂದ ಕರೆದವರು ಶೇಕಡಾ 27 ಮಾತ್ರ! ಪೊಲೀಸರ ದಾಖಲೆಯಂತೂ ಇನ್ನೂ ಕಿರಿದು. ಮೇಲೆ ಹೇಳಿದ 2014ರ ವರದಿಯ ಪ್ರಕಾರವೇ, ವಿದ್ಯಾರ್ಥಿನಿಯರ ಮೇಲಿನ ಸುಮಾರು ಶೇಕಡಾ 80ರಷ್ಟು ಪ್ರಕರಣಗಳು ಪೊಲೀಸರಿಗೆ ತಲುಪಿರಲಿಲ್ಲ.

ಆದುದರಿಂದ "ನಮ್ಮ ಕಾಲೇಜಿನಲ್ಲಿ ಒಂದು ದೂರೂ ಬಂದಿಲ್ಲ" ಎಂದು ಯಾರಾದರೂ ಸಮಾಧಾನಪಟ್ಟುಕೊಂಡರೆ, ಯಾರು ಕೇಳಿದರು, ಎಲ್ಲಿ ಕೇಳಿದರು, ಯಾವ ಮಾತಿನಲ್ಲಿ ಕೇಳಿದರು ಎಂಬುದನ್ನು ವಿಚಾರಿಸಿರಿ.

ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳಿಗೆ ಒಂದು ಮನೆಯಿಂದ ಒಬ್ಬಳೇ ಸ್ತ್ರೀಯನ್ನು ಆರಿಸುತ್ತಾರೆ. ಏಕಾಂತ ದೊರೆಯದಿದ್ದಲ್ಲಿ ಆ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಯುವತಿಯೊಬ್ಬಳು ಮನೆಯವರೊಡನೆ ಹೊಟ್ಟೆನೋವೆಂದು ಬಂದಾಗ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಕುಳ್ಳಿರಿಸಿ, ದಾದಿಯ ಸಮ್ಮುಖದಲ್ಲಿ ಆಕೆಯೊಬ್ಬಳನ್ನೇ ಮಾತನಾಡಿಸುವ ಪದ್ಧತಿಯನ್ನು ನಾನು ಇಟ್ಟುಕೊಂಡಿರುವುದೂ ಇದೇ ಕಾರಣದಿಂದ.