ಹಳೆಯ ಕಾರಿಗೆ ಹಗುರವಾದ ವಿಮೆ



ನಾವು ದಂಪತಿಗಳು ವಿಮಾ ತಜ್ಞರಲ್ಲ. ಬ್ರಿಟನ್ನಿನಲ್ಲಿ ಒಂದು ಹಳೆಯ ಕಾರನ್ನು ಸಾಕಿ, ಪೆಟ್ಟು ತಿಂದು ಪಾಠ ಕಲಿತವರು. ಆ ಪಾಠವನ್ನಷ್ಟೇ ತಮ್ಮ ಮುಂದಿಡುತ್ತೇವೆ.

ನಮ್ಮದು 1958ರ ಮಾರಿಸ್ ಆಕ್ಸ್‌ಫರ್ಡ್, ಮೂರನೆಯ ಸರಣಿಯದು. ಅದನ್ನು ಕಂಡ ಕನ್ನಡಿಗರೆಲ್ಲ "ಅರೆ, ನಮ್ಮ ಅಂಬಾಸಡರ್!" ಎಂದು ಉದ್ಗರಿಸುತ್ತಾರೆ. ತಪ್ಪೇನಿಲ್ಲ, ಈ ಮಾದರಿಯ ಮೇಲೆಯೇ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಡರನ್ನು ರೂಪಿಸಿ 2014ರವರೆಗೂ ತಯಾರಿಸಿತು. ನೆರೆಯ ಆಂಗ್ಲರು ಅದರಲ್ಲಿ ತಮ್ಮ ತಾತಂದಿರನ್ನು ಕಂಡರೆ, ನಾವು ಮೈಸೂರಿನ ರೈಲು ನಿಲ್ದಾಣದ ಟ್ಯಾಕ್ಸಿಯನ್ನು ಕಾಣುತ್ತೇವೆ.

ಮೊದಲ ವರ್ಷ ಅತಿ ಕಡಿಮೆ ಕಂತಿನ ಸಾಮಾನ್ಯ ವಿಮೆಯನ್ನು ಕೊಂಡು, ಜಾಣರೆಂದು ಬೀಗಿದೆವು. ಚಳಿಗಾಲದ ಒಂದು ಮುಂಜಾನೆ ಕಾರು ಹಿಮದ ಮೇಲೆ ಜಾರಿ ಗೋಡೆಗೆ ಬಡಿಯಿತು. ಕಂಪನಿಯವರು ಅದನ್ನು ಕೇವಲ ಮುದಿ ವಾಹನವೆಂದು ಎಣಿಸಿ ಮಾರುಕಟ್ಟೆಯ ಬೆಲೆ ಕಟ್ಟಿದರು. ದುರಸ್ತಿಯ ವೆಚ್ಚ ಅದನ್ನು ಮೀರುವುದರಿಂದ ಗುಜರಿಗೇ ಸರಿಯೆಂದರು. ಕೊಟ್ಟ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟು, ನಮ್ಮ ಕಾರನ್ನು ನಾವೇ ಮರಳಿ ಕೊಂಡೆವು!

ಆದ್ದರಿಂದ ಹಳೆಯ ಕಾರಿನ ಒಡೆಯರು ಮೊದಲು ಕೇಳಬೇಕಾದ್ದು "ಒಪ್ಪಿತ ಮೌಲ್ಯ"ದ ವಿಮೆಯನ್ನು. ಛಾಯಾಚಿತ್ರಗಳನ್ನೂ ದುರಸ್ತಿಯ ರಶೀತಿಗಳನ್ನೂ ಪರಿಶೀಲಿಸಿ, ಕಾರಿನ ಬೆಲೆಯನ್ನು ಇಬ್ಬರೂ ಮೊದಲೇ ಒಪ್ಪಿಕೊಳ್ಳುವ ಪದ್ಧತಿಯಿದು. ಕಾರು ಪೂರ್ತಿ ನಾಶವಾದರೆ ಆ ಮೊತ್ತವೇ ಆಧಾರ. ಬೆಲೆ ಏರಿದಂತೆ ಅದನ್ನು ಪರಿಷ್ಕರಿಸಿಕೊಳ್ಳಬೇಕು. ಅಪಘಾತದ ನಂತರ ಕಾರನ್ನು ಉಳಿಸಿಕೊಳ್ಳುವ ಹಕ್ಕು ಪತ್ರದಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಇದು ದುಬಾರಿಯಲ್ಲವೇ ಎನ್ನುವಿರಿ. ಅಲ್ಲವೆಂಬುದೇ ನಮ್ಮ ಅನುಭವ. ವರ್ಷಕ್ಕೆ 3000 ಮೈಲಿಗಿಂತ ಹೆಚ್ಚು ಓಡಿಸುವುದಿಲ್ಲ, ರಾತ್ರಿ ಗ್ಯಾರೇಜಿನಲ್ಲಿಡುತ್ತೇವೆ, ನಿತ್ಯದ ಓಡಾಟಕ್ಕೆ ಬೇರೆ ಕಾರಿದೆ, ಹಳೆಯ ಕಾರುಗಳ ಸಂಘದ ಸದಸ್ಯರಾಗಿದ್ದೇವೆ: ಈ ನಾಲ್ಕು ಮಾತುಗಳಿಂದಲೇ ನಮ್ಮ ಕಂತು ಇಳಿಯಿತು. ಆದರೆ ನಾಲ್ಕೂ ನಿಜವಾಗಿರಬೇಕು. ಪ್ರಶ್ನೆಗೆ ಎಚ್ಚರದಿಂದ ಸತ್ಯವನ್ನೇ ಉತ್ತರಿಸುವ ಹೊಣೆ 2012ರ ಕಾಯಿದೆಯಂತೆ ಗ್ರಾಹಕರದೇ. ಬ್ರೇಕು, ಎಂಜಿನ್ನು ಬದಲಿಸಿದ್ದರೆ ಅದನ್ನೂ ತಿಳಿಸಬೇಕು.

ಇನ್ನೆರಡು ಎಚ್ಚರಿಕೆಗಳು. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆಯ ವಿನಾಯಿತಿಯುಂಟು. ಗಣನೀಯವಾಗಿ ಮಾರ್ಪಡಿಸದಿದ್ದರೆ 2018ರಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ವಿಮೆಗೆ ಮಾತ್ರ ಅಂಥ ವಿನಾಯಿತಿಯಿಲ್ಲ. ರಸ್ತೆಗಿಳಿಸುವುದಿಲ್ಲವೆಂದು ಸರ್ಕಾರಕ್ಕೆ ಘೋಷಿಸಿದ ಕಾರಿಗೆ ವಿಮೆ ಬೇಕಿಲ್ಲವಾದರೂ, ಬೆಂಕಿಗೂ ಕಳ್ಳನಿಗೂ ಆ ಘೋಷಣೆ ತಿಳಿಯದು! ಅಂಥ ಕಾರಿಗೆಂದೇ ಅಗ್ಗದ ವಿಮೆಯುಂಟು. ಎರಡನೆಯದು, ನಮ್ಮವರ ಮದುವೆಗಳು. ಹೂವಿನ ಹಾರ ಹಾಕಿದ ಅಂಬಾಸಡರಿನಂಥ ಕಾರಿನಲ್ಲಿ ಮಗಳನ್ನು ಕಳುಹಿಸುವಾಸೆ ಯಾರಿಗಿಲ್ಲ? ಆದರೆ ಬಾಡಿಗೆ ಪಡೆದರೆ ಸಾಮಾನ್ಯವಾಗಿ ಇಂಥ ವಿಮೆ ಅನ್ವಯಿಸದು. ಪ್ರೀತಿಯಿಂದ ಒಯ್ಯುವುದಾದರೂ ಕಂಪನಿಯನ್ನು ಮೊದಲೇ ಕೇಳಿಬಿಡಿ.

ಕಂತು ಇಳಿಯಬೇಕಾದ್ದು ರಕ್ಷಣೆಯನ್ನು ಕತ್ತರಿಸಿ ಅಲ್ಲ, ಕಾರಿನ ಬಾಳನ್ನು ಇದ್ದಂತೆಯೇ ಹೇಳಿ. ನಮ್ಮ ಮಾರಿಸ್ ಹೊರಗೆ ನಿಂತಿದೆ. ಬಂದು ನೋಡಿ, ಬಾಗಿಲನ್ನು ಮಾತ್ರ ಮೆಲ್ಲಗೆ ಮುಚ್ಚಿ.